ಕೆರೆಯೊಳಗಿಂದ ಬಂದ ‘ಉಂಡ್ರಾ’

ನಾನು ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಅಳತೆ ಇಟ್ಟು ನೋಡದೆ ಯಾವುದನ್ನೂ ಸರಿ ಎನ್ನುವ ಅಭ್ಯಾಸ ನನಗಿಲ್ಲ. ದೆವ್ವ, ಗಾಳಿ ಎಂದು ಬಾಯಿಬಿಟ್ಟವರನ್ನು ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಗೋಳು ಹೊಯ್ದುಕೊಂಡವನು ನಾನು. ಅಂಥ ನಾನೇ ಹೇಳುತ್ತಿದ್ದೇನೆ, ಹೋದ ವರ್ಷ ಯುಗಾದಿಯ ಸಂಜೆ ಆ ಕೆರೆಯಲ್ಲಿ ನಡೆದದ್ದು ನಡೆದದ್ದೇ. ಒಂದಕ್ಷರ ಸೇರಿಸಿಲ್ಲ. ಊರಿನ ಹೆಸರನ್ನು ಮಾತ್ರ ಬಿಟ್ಟಿದ್ದೇನೆ, ಅಲ್ಲಿ ಜನ ಬಾಳುತ್ತಿದ್ದಾರೆ. ಜಂಗಮಕೋಟೆ ಕಡೆಯ ಕೆರೆ ಎಂದಷ್ಟೇ ತಿಳಿದರೆ ಸಾಕು.

ಜೊತೆಗಿದ್ದವನು ಮುನಿರಾಜು. ನಾವಿಬ್ಬರೂ ಚಿಕ್ಕಬಳ್ಳಾಪುರದಲ್ಲಿ ಐಟಿಐ ಓದುವಾಗ ಒಂದೇ ರೂಮಿನಲ್ಲಿದ್ದವರು. ನಾನು ಗೌರಿಬಿದನೂರಿಗೆ ಬಂದು ಕೆಲಸ ಹಿಡಿದೆ. ಅವನು ಮೇಲೂರಿಗೆ ಹೋಗಿ ಅಪ್ಪನ ಹಿಪ್ಪುನೇರಳೆ ತೋಟ ನೋಡಿಕೊಂಡು ರೇಷ್ಮೆ ಹುಳು ಸಾಕುತ್ತಾ ಉಳಿದ. ಅವನ ಮನೆಮಾತು ತೆಲುಗು. ಆದರೆ ನನ್ನ ಜೊತೆ ಅವನು ಆಡುವುದು ಕನ್ನಡ ಮಾತ್ರ. ನನ್ನ ತೆಲುಗು ಅಷ್ಟು ಚೆನ್ನಾಗಿದೆ! ಒಂದು ಸಲ ಅವನ ಹೆಂಡತಿಯ ಹತ್ತಿರ ತೆಲುಗಿನಲ್ಲಿ ನೀರು ಕೇಳಿದ್ದಕ್ಕೆ ಆಕೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದ್ದರು.

ನಮ್ಮ ಕಡೆ ಯುಗಾದಿಯ ದಿನ ಒಬ್ಬಟ್ಟು, ಮಾರನೇ ದಿನ ವರ್ಷತೊಡಕು. ವರ್ಷತೊಡಕೆಂದರೆ ಬಾಡೂಟ. ಊರಿಗೆ ಊರೇ ಬೆಳಗಿನ ಜಾವ ಮಟನ್ ಅಂಗಡಿ ಮುಂದೆ ನಿಂತಿರುತ್ತದೆ. ನಮ್ಮಿಬ್ಬರ ಮನೆಯಲ್ಲಿ ಮಾತ್ರ ಆ ದಿನ ಕೊರಮೀನಿನ ಸಾರು, ಅದೂ ನಾವೇ ಗಾಳ ಹಾಕಿ ಹಿಡಿದ ಮೀನು. ಇಪ್ಪತ್ತನಾಲ್ಕು ವರ್ಷದಿಂದ ಇದು ತಪ್ಪಿರಲಿಲ್ಲ. ಯುಗಾದಿ ಊಟ ಮುಗಿಸಿ ನಾನು ಬೈಕು ಹತ್ತುವುದು, ಮೇಲೂರಿನಲ್ಲಿ ಮುನಿಯನ್ನು ಕೂರಿಸಿಕೊಳ್ಳುವುದು, ಕತ್ತಲಾಗುವವರೆಗೆ ಕೆರೆಯ ಬದಿಯಲ್ಲಿ ಕೂರುವುದು. ಕೊರಮೀನು ಗಟ್ಟಿ ಜೀವ. ಬಕೆಟ್ಟಿನಲ್ಲಿ ಗೇಣುದ್ದ ನೀರಿದ್ದರೆ ಬೆಳಗಿನವರೆಗೂ ಬದುಕಿರುತ್ತದೆ. ಹಬ್ಬದ ದಿನ ಜೀವ ತೆಗೆದ ಹಾಗೂ ಆಗಲಿಲ್ಲ ಎಂದು ಮುನಿ ಸಮಾಧಾನ ಹೇಳುತ್ತಿದ್ದ.

ಆ ಕೆರೆ ಎಷ್ಟೋ ವರ್ಷ ಒಣಗಿ ಬಿದ್ದಿತ್ತು. ಆಗೆಲ್ಲ ಬೇರೆ ಕಡೆ ಹೋಗುತ್ತಿದ್ದೆವು. ಒಣಗಿದ್ದ ಕಾಲದಲ್ಲಿ ಇಟ್ಟಿಗೆಗೆಂದು, ತೋಟಕ್ಕೆಂದು ಜನ ಮಣ್ಣು ತೋಡಿಕೊಂಡು ಹೋಗಿದ್ದರು. ಆಮೇಲೆ ಬೆಂಗಳೂರಿನ ಕೊಳಚೆ ನೀರು ಶುದ್ಧವಾಗಿ ಪೈಪಿನಲ್ಲಿ ಬಂತು, ಮಳೆಯೂ ಚೆನ್ನಾಗಿ ಆಯಿತು, ಕೆರೆ ತುಂಬಿತು. ತೋಡಿದ ಗುಂಡಿಗಳೆಲ್ಲ ನೀರಿನಡಿ ಸೇರಿಹೋದವು. ಎಲ್ಲಿ ಮೊಣಕಾಲುದ್ದ, ಎಲ್ಲಿ ಎರಡಾಳು ಆಳ ಎಂದು ಮೇಲಿನಿಂದ ಹೇಳುವ ಹಾಗಿಲ್ಲ. ನನಗೆ ಬಾವಿಯಲ್ಲಿ ಕಲಿತ ಈಜು ಸ್ವಲ್ಪ ಬರುತ್ತದೆ. ಮುನಿಗೆ ಬರುವುದಿಲ್ಲ.

ಹೋದ ವರ್ಷ ನಾವು ಹೋಗಿ ಕೂತಾಗ ನಾಲ್ಕೂವರೆ ಇರಬೇಕು. ಹೊಂಗೆ ಹೂ ಬಿಟ್ಟಿತ್ತು, ಏರಿಯ ಉದ್ದಕ್ಕೂ ಅದರದೇ ವಾಸನೆ. ಆರೂವರೆ ಹೊತ್ತಿಗೆ ಬಕೆಟ್ಟಿನಲ್ಲಿ ಎರಡು ಒಳ್ಳೆಯ ಮೀನು ಬಿದ್ದಿದ್ದವು. ಮುನಿ ಖುಷಿಯಲ್ಲಿದ್ದ. ಆ ಖುಷಿಯಲ್ಲೇ ಬಾಯಿ ಜಾರಿತು.

“ಇದೇನ್ ಬಿಡೋ ಸೀನ. ಹೋದ ತಿಂಗ್ಳು ನಮ್ಮ ಷಡ್ಡಕನ್ನ ಕರ್ಕೊಂಡ್ ಬಂದಿದ್ನಲ್ಲ, ಇದೇ ಜಾಗ, ಹಿಂಗ್ ಹಾಕ್ದ, ಹಂಗ್ ಕಚ್ತು. ನಾಕ್ ಕೆಜಿ!”

ನನಗೆ ಮೈ ಉರಿದುಹೋಯಿತು. ಈಗ ಹೇಳಿಕೊಳ್ಳಲು ನಾಚಿಕೆ ಆಗುತ್ತದೆ, ಐವತ್ತರ ಹತ್ತಿರ ಬಂದ ಗಂಡಸು ಇಷ್ಟಕ್ಕೆ ಉರಿದುಕೊಳ್ಳುವುದೇ? ಆದರೆ ಆ ಜಾಗ ಹುಡುಕಿದವನು ನಾನು. ಇಷ್ಟು ವರ್ಷದಲ್ಲಿ ನನ್ನ ಸ್ವಂತ ತಮ್ಮನಿಗೂ ತೋರಿಸಿರಲಿಲ್ಲ.

“ಯಾರ್ನ ಕೇಳಿ ಕರ್ಕೊಂಡ್ ಬಂದೆ?” ಎಂದೆ.

“ಕೇಳೋದೇನೋ? ಕೆರೆ ನಿಮ್ಮಪ್ಪಂದಾ?” ಎಂದು ನಕ್ಕ.

“ಹಂಗಾದ್ರೆ ಮುಂದಿನ್ ವರ್ಷದಿಂದ ಅವನ್ನೇ ಕರ್ಕೊಂಡ್ ಬಾ. ನಾನ್ಯಾಕೆ ಗೌರಿಬಿದನೂರಿಂದ ಪೆಟ್ರೋಲ್ ಸುಟ್ಕೊಂಡ್ ಬರ್ಲಿ?”

“ಹಬ್ಬದ್ ದಿನ ಜಗಳ ಆಡ್ಬೇಡ್ವೋ ಮಾರಾಯ. ವರ್ಷೆಲ್ಲಾ ಅದೇ ಆಗುತ್ತೆ.”

“ಆಗ್ಲಿ ಬಿಡು!”

ನನ್ನ ಗಾಳದ ದಾರ ಸುತ್ತಿಕೊಂಡು ಎದ್ದೆ. ಮುನಿಯ ಗಾಳ ಎಡಗಡೆ ಜೊಂಡಿನಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು. ಅವನು ಅದನ್ನು ಜಗ್ಗುತ್ತಾ, ನನ್ನ ಕಡೆ ತಿರುಗದೆ, “ನೀನ್ ಹೋಗಿರು, ಇದನ್ನ ಬಿಡಿಸ್ಕೊಂಡ್ ಬರ್ತೀನಿ” ಎಂದ. ತಲೆಗೆ ಕಟ್ಟುವ ಟಾರ್ಚನ್ನು ಹಣೆಗೆ ಸಿಕ್ಕಿಸಿಕೊಂಡು ಏರಿಯ ಕಡೆ ನಡೆದೆ.

ಯುಗಾದಿ ದಿನ ಚಂದ್ರ ಕಾಣುವುದಿಲ್ಲ. ಏಳು ಗಂಟೆಗೇ ಕತ್ತಲೆ ಗಟ್ಟಿಯಾಗಿತ್ತು. ಬೈಕು ನಿಲ್ಲಿಸಿದ್ದು ಏರಿಯ ಆ ತುದಿಯಲ್ಲಿ, ಕೂತ ಜಾಗದಿಂದ ಮುನ್ನೂರು ಹೆಜ್ಜೆ ಆಗಬಹುದು. ಕಪ್ಪೆಗಳು ಒಂದೇ ಸಮ ವಟಗುಟ್ಟುತ್ತಿದ್ದವು. ಐವತ್ತು ಹೆಜ್ಜೆ ಹೋಗಿರಬೇಕು, ಅವು ಒಟ್ಟಿಗೇ ಸುಮ್ಮನಾದವು.

ಆಗ ಕೇಳಿಸಿತು.

“ಉಂಡ್ರಾ...”

ನೀರಿನ ಕಡೆಯಿಂದ, ಬಲಗಡೆಯಿಂದ. ಹೆಂಗಸಿನದೋ ಗಂಡಸಿನದೋ ಹೇಳಲಾಗದ, ವಯಸ್ಸಾದವರ ದನಿ. ನನಗೆ ಆಶ್ಚರ್ಯವೇನೂ ಆಗಲಿಲ್ಲ. ಹಬ್ಬದ ದಿನ ದಾರಿಯಲ್ಲಿ ಸಿಕ್ಕವರೆಲ್ಲ ಕೇಳುವುದು ಅದನ್ನೇ ತಾನೇ? ಉಂಡಿರಾ, ಒಬ್ಬಟ್ಟು ಮಾಡಿದ್ದಿರಾ ಎಂದು. ಆ ದಡದಲ್ಲಿ ಯಾರೋ ಅಜ್ಜಿ ಎಮ್ಮೆ ಹೊಡೆದುಕೊಂಡು ಹೋಗುತ್ತಿರಬೇಕು, ನನ್ನ ಬೆಳಕು ಕಂಡು ಮಾತಾಡಿಸಿದರು ಎಂದುಕೊಂಡೆ. ರಾತ್ರಿಗೆ ಇನ್ನೂ ತಿಂದಿರಲಿಲ್ಲ, ಅದನ್ನೇ ಹೇಳಿದೆ.

“ಇನ್ನೂ ಇಲ್ಲಜ್ಜೀ. ನಿಮ್ದಾಯ್ತಾ?”

ಹತ್ತು ಹೆಜ್ಜೆ ಮುಂದೆ ಹೋದೆ. ಆಮೇಲೆ ಅದೇ ದನಿ, ಮೆಲ್ಲಗೆ...

“ಇಂಕಾ ಲೇದು.”

ತೆಲುಗಿನಲ್ಲಿ ಇನ್ನೂ ಇಲ್ಲ ಎಂದರ್ಥ. ಅಷ್ಟು ತೆಲುಗು ನನಗೂ ಗೊತ್ತು. ಕನ್ನಡದಲ್ಲಿ ಕೇಳಿ ತೆಲುಗಿನಲ್ಲಿ ಉತ್ತರ ಹೇಳುವವರು ನಮ್ಮ ಕಡೆ ಮನೆಮನೆಗೂ ಇದ್ದಾರೆ. ನಾನು ನಡೆಯುತ್ತಲೇ ಇದ್ದೆ. ತಲೆಯ ತುಂಬ ಮುನಿಯ ಷಡ್ಡಕನೇ ತುಂಬಿದ್ದ.

ಇನ್ನೂ ಸ್ವಲ್ಪ ದೂರ ಹೋದ ಮೇಲೆ ಮತ್ತೆ, “ಉಂಡ್ರಾ...”

ಈಗ ಕೂಗು ಉದ್ದವಾಗಿತ್ತು. ನನಗೆ ರೇಗಿತು. “ಆಯ್ತಮ್ಮಾ, ಆಯ್ತು! ಒಬ್ಬಟ್ಟು ತಿಂದೆ, ಹೊಟ್ಟೆ ತುಂಬ ತಿಂದೆ!” ಎಂದು ಕೂಗಿ ಹೇಳಿದೆ. ಮುನಿಯ ಮೇಲಿನ ಸಿಟ್ಟನ್ನು ಆ ಅಜ್ಜಿಯ ಮೇಲೆ ತೀರಿಸಿಕೊಂಡೆ.

ಬೈಕಿನ ಹತ್ತಿರ ಬಂದೆ. ಮುನಿಗೆ ಕಾಯುವುದೇ ಬೇಡ, ಬಸ್ಸಿಗೋ ಯಾರದೋ ಗಾಡಿಗೋ ಬರಲಿ ಎನ್ನಿಸಿತು. ಇದನ್ನೂ ಮುಚ್ಚಿಡುವುದಿಲ್ಲ, ಕೀಲಿ ಹಾಕಿ ತಿರುಗಿಸಿಯೇಬಿಟ್ಟೆ.

ಮೂರನೇ ಸಲ ಕೇಳಿಸಿತು.

“ಉಂಡ್ರಾ...”

ಕೀಲಿಯ ಮೇಲೆ ಕೈ ಹಾಗೇ ನಿಂತಿತು. ಮುನಿಯ ಮನೆಯ ಅಂಗಳ ಕಣ್ಣ ಮುಂದೆ ಬಂತು. ಹುಳುವಿಗೆ ಸೊಪ್ಪು ಹಾಕುತ್ತಾ, ಹೊರಗೆ ಓಡುವ ಮಗನನ್ನು ಮುನಿ ಕೂಗಿ ನಿಲ್ಲಿಸುತ್ತಿದ್ದದ್ದು ಇದೇ ಮಾತಿನಿಂದ. ಉಂಡ್ರಾ! ತೆಲುಗಿನಲ್ಲಿ ಅದಕ್ಕೆ ಊಟದ ಸಂಬಂಧವೇ ಇಲ್ಲ. ‘ಇರೋ’, ‘ತಾಳೋ’, ‘ಹೋಗಬೇಡ್ವೋ’ ಎಂದರ್ಥ.

ಮುನಿ ಕೂಗುತ್ತಿದ್ದಾನೆ. ಜೀವಕ್ಕೆ ಬಂದಾಗ ಬಾಯಿಗೆ ಬರುವುದು ಮನೆಮಾತು. ಅವನು ಇರೋ, ಇರೋ ಎಂದು ಕೂಗಿದರೆ ನಾನು ಒಬ್ಬಟ್ಟು ತಿಂದೆ ಎಂದು ಹೇಳುತ್ತಾ ನಡೆದುಬಂದಿದ್ದೇನೆ!

ಓಡಿದೆ. ಹಾಗೆ ಓಡಿ ಎಷ್ಟು ವರ್ಷವಾಗಿತ್ತೋ. ಎರಡು ಸಲ ಮುಗ್ಗರಿಸಿದೆ, ಚಪ್ಪಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಓಡುತ್ತಲೇ ಮುನಿಯ ಫೋನಿಗೆ ಕರೆ ಮಾಡಿದೆ. ದೂರದಲ್ಲಿ ರಿಂಗಾಯಿತು. ದಡದಲ್ಲಿ ಮಡಿಸಿಟ್ಟ ಅವನ ಶರ್ಟಿನ ಜೇಬಿನಲ್ಲಿ ರಿಂಗಾಗುತ್ತಿತ್ತು. ಪಕ್ಕದಲ್ಲಿ ಅವನ ಚಪ್ಪಲಿ, ಬಕೆಟ್ಟು. ಮೀನುಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಮುನಿ ಇರಲಿಲ್ಲ.

“ಮುನೀ! ಲೇ ಮುನೀ!”

ಬಲಗಡೆ, ನೀರಿನ ನಡುವಿನಿಂದ ದನಿ ಬಂತು. “ಉಂಡ್ರಾ...”

“ಬಂದೆ ಕಣೋ, ಬಂದೆ! ಕೈ ಕಾಲು ಬಡೀಬೇಡ, ಬಂದೆ!”

ಪ್ಯಾಂಟು ಶರ್ಟಿನಲ್ಲೇ ನೀರಿಗಿಳಿದೆ. ಮೊಣಕಾಲು, ಸೊಂಟ, ಎದೆ. ನೀರು ಮೇಲೆ ಬೆಚ್ಚಗಿತ್ತು, ಕೆಳಗೆ ಕೊರೆಯುತ್ತಿತ್ತು. ಸೋಪಿನ ಹಾಗೂ ಕೊಳೆತ ಸೊಪ್ಪಿನ ಹಾಗೂ ವಾಸನೆ. ನಾನು ನಾಲ್ಕು ಹೆಜ್ಜೆ ಇಟ್ಟರೆ ದನಿ ನಾಲ್ಕು ಹೆಜ್ಜೆ ಆಚೆ ಸರಿಯುತ್ತಿತ್ತು. ಅವನನ್ನು ನೀರು ಎಳೆದುಕೊಂಡು ಹೋಗುತ್ತಿದೆ ಎಂದುಕೊಂಡೆ. ಕೆರೆಯ ನಿಂತ ನೀರು ಯಾರನ್ನು ಎಳೆಯುತ್ತದೆ? ಅಷ್ಟು ಯೋಚಿಸುವ ಬುದ್ಧಿ ಆಗ ಎಲ್ಲಿತ್ತು?

ದೇವರೇ ದೇವರೇ ಎನ್ನುತ್ತಿದ್ದೆ. ಅವನ ಹೆಂಡತಿಗೆ ಏನು ಹೇಳಲಿ, ಮೀನಿನ ಜಾಗಕ್ಕೆ ಜಗಳ ಆಡಿ ಬಿಟ್ಟುಬಂದೆ ಎನ್ನಲೇ? ಅಳು ಬರುತ್ತಿತ್ತು, ಅತ್ತೆ ಕೂಡ.

ಮುಂದಿಟ್ಟ ಕಾಲಿಗೆ ನೆಲ ಸಿಗಲಿಲ್ಲ. ಗುಂಡಿಯ ಅಂಚು. ಹಿಂದಕ್ಕೆ ಬೀಳುವ ಹಾಗೆ ವಾಲಿ ಹೇಗೋ ನಿಂತೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನಾನು ಒಳಗೆ. ಎದುರಿಗೆ, ಬಹಳ ಹತ್ತಿರದಲ್ಲಿ, ಅಷ್ಟೇ ಮೆತ್ತಗೆ... “ಉಂಡ್ರಾ...”

ಅದೇ ಕ್ಷಣ ಹಿಂದೆ ಎಲ್ಲೋ ನೀರು ಗುಳುಗುಳು ಎಂದಿತು. ತಿರುಗಿದೆ. ಹಣೆಯ ಬೆಳಕು ಜೊಂಡಿನ ಮೇಲೆ ಬಿತ್ತು. ಜೊಂಡಿನ ನಡುವೆ ಒಂದು ಕೈ. ಒಂದು ಹಿಡಿ ಜೊಂಡನ್ನು ಗಟ್ಟಿಯಾಗಿ ಹಿಡಿದಿತ್ತು. ಅದರ ಕೆಳಗೆ ಮುಖ, ಮೂಗಿನವರೆಗೆ ನೀರು.

ಮುನಿ ಅಲ್ಲಿದ್ದ. ನಾವು ಕೂತ ಜಾಗದ ಎಡಗಡೆ, ದಡದಿಂದ ಹತ್ತು ಮಾರು ಸಹ ಇಲ್ಲ. ದನಿ ಬಂದ ಕಡೆಗೆ ಪೂರ್ತಿ ವಿರುದ್ಧ ದಿಕ್ಕಿನಲ್ಲಿ.

ಅಲ್ಲಿಗೆ ಹೇಗೆ ಹೋದೆನೋ, ಈಜಿದೆನೋ ನಡೆದೆನೋ ನೆನಪಿಲ್ಲ. ಅವನ ಕಂಕುಳಿಗೆ ಕೈ ಹಾಕಿ ಎತ್ತಿದೆ. ಬರಲಿಲ್ಲ. ಎರಡೂ ಕಾಲು ತೊಡೆಯವರೆಗೆ ಕೆಸರಿನಲ್ಲಿ ಹೂತಿದ್ದವು. ಜಗ್ಗಿದಷ್ಟೂ ನಾನೂ ಇಳಿಯುತ್ತಿದ್ದೆ. ಅವನ ಕಣ್ಣು ತೆರೆದಿತ್ತು, ನನ್ನನ್ನೇ ನೋಡುತ್ತಿತ್ತು, ಆದರೆ ಮಾತಿಲ್ಲ. ಮುಖವನ್ನು ನೀರಿನ ಮೇಲೆ ಹಿಡಿಯಲು ಒಂದು ಕೈ, ಮುಳುಗಿ ಕೆಸರು ಬಗೆಯಲು ಒಂದು ಕೈ. ಉಸಿರು ಕಟ್ಟಿ ಮೇಲೆ ಬರುವುದು, ಮತ್ತೆ ಮುಳುಗುವುದು. ಒಂದು ಕಾಲು ಬಿಟ್ಟಿತು. ಇನ್ನೊಂದು ಬಿಡಲೇ ಇಲ್ಲ.

“ಬಾರೋ... ನಿನ್ನ ಕಾಲಿಗೆ ಬೀಳ್ತೀನಿ ಬಾರೋ” ಎಂದು ಆ ಕಾಲಿಗೇ ಹೇಳಿದ ಹಾಗೆ ನೆನಪು.

ಆಗ ನನ್ನ ಕತ್ತಿನ ಹಿಂದೆ, ಕೂದಲಿಗೆ ಉಸಿರು ತಾಗುವಷ್ಟು ಹತ್ತಿರದಲ್ಲಿ, “ಉಂಡ್ರಾ.”

ನಾನು ತಿರುಗಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಮುನಿಯ ಮುಖ ನೋಡಿದೆ. ಅವನು ನನ್ನ ಹೆಗಲ ಆಚೆ ಸೀದಾ ನೋಡುತ್ತಿದ್ದ, ಅಲ್ಲಿ ಏನೂ ಇಲ್ಲವೆನ್ನುವ ಹಾಗೆ. ಅವನಿಗೆ ಕೇಳಿಸಿರಲಿಲ್ಲ. ಕಣ್ಣು ಮುಚ್ಚಿ ಮತ್ತೊಮ್ಮೆ ಮುಳುಗಿದೆ. ಕಾಲು ಕಳಚಿಕೊಂಡಿತು.

ದಡಕ್ಕೆ ಎಳೆದು ಹಾಕಿ ಮಗುಚಿ ಬೆನ್ನು ಗುದ್ದಿದೆ. ನೀರು ಕಕ್ಕಿದ, ಕೆಮ್ಮಿದ, ನಡುಗಿದ. ಶರ್ಟು ಹೊದಿಸಿ ಅವನನ್ನು ಅಪ್ಪಿಕೊಂಡು ಕೂತೆ. ಬಕೆಟ್ಟು ಯಾವಾಗಲೋ ನನ್ನ ಕಾಲು ತಾಗಿ ಉರುಳಿತ್ತು. ಕಪ್ಪೆಗಳು ಮತ್ತೆ ಶುರು ಮಾಡಿದ್ದವು.

ಬಹಳ ಹೊತ್ತಾದ ಮೇಲೆ ಮುನಿ ಬಾಯಿಬಿಟ್ಟ. “ಯಾಕೋ ಹೋದೆ?”

“ಗೊತ್ತಾಗ್ಲಿಲ್ಲ ಕಣೋ. ನೀನು ತೆಲುಗಲ್ಲಿ ಕೂಗಿದ್ದು... ನಾನು ಯಾರೋ ಅಜ್ಜಿ ಊಟ ಆಯ್ತಾ ಅಂತ ಕೇಳ್ತಾವ್ರೆ ಅನ್ಕೊಂಡೆ.”

ಅವನು ತಲೆ ಎತ್ತಿ ನನ್ನನ್ನು ನೋಡಿದ.

“ತೆಲುಗಾ? ನಿನ್ ಜೊತೆ ಯಾವತ್ತು ತೆಲುಗಾಡಿದೀನೋ ನಾನು?”

“ಉಂಡ್ರಾ ಅಂದ್ಯಲ್ಲೋ. ಇರೋ ಅಂತ.”

“ಇಲ್ಲ.” ಹಲ್ಲು ಕಟಕಟ ಎನ್ನುತ್ತಿದ್ದರೂ ಮಾತು ಸ್ಪಷ್ಟವಾಗಿತ್ತು. “ನಿನ್ ಹೆಸ್ರು ಹಿಡ್ದು ಕೂಗ್ದೆ. ಸೀನಾ, ಕಾಲ್ ಸಿಕ್ಕಾಕ್ಕೊಂಡಿದೆ ಬಾರೋ ಅಂದೆ. ಕನ್ನಡದಲ್ಲೇ ಅಂದೆ. ನೀನು ಅಲ್ಲೇ ಇದ್ದೆ, ನಿನ್ ಲೈಟ್ ಕಾಣ್ತಿತ್ತು. ‘ಇನ್ನೂ ಇಲ್ಲ, ನಿಮ್ದಾಯ್ತಾ’ ಅಂದೆ. ಕೋಪದಲ್ಲಿ ಆಡ್ಕೊಳ್ತಿದೀಯ ಅನ್ಕೊಂಡೆ. ಇನ್ನೂ ಜೋರಾಗಿ ಕೂಗ್ದೆ, ಮುಳುಗ್ತಿದೀನಿ ಕಣೋ ಅಂದೆ. ನೀನು...”

ಮುಳುಗುತ್ತಿದ್ದೇನೆ ಎಂದು ಗೆಳೆಯ ಕೂಗಿದರೆ ನಾನು ಹೊಟ್ಟೆ ತುಂಬ ಒಬ್ಬಟ್ಟು ತಿಂದೆ ಎಂದಿದ್ದೆ.

“ಮೂರನೇ ಸಲ?” ಎಂದೆ. “ಮೂರನೇ ಸಲ ಕೂಗ್ದಾಗ ಓಡ್ಬಂದ್ನಲ್ಲೋ.”

“ಮೂರನೇ ಸಲ ಎಲ್ ಕೂಗ್ಲಿ? ಬಾಯ್ವರ್ಗೂ ನೀರ್ ಬಂದಿತ್ತು.”

ಇನ್ನು ಆ ‘ಇಂಕಾ ಲೇದು’? ಅದನ್ನು ನಾನು ಅವನಿಗೆ ಇವತ್ತಿನವರೆಗೂ ಹೇಳಿಲ್ಲ. ಅದು ಇರೋ ಎಂದು ಕೂಗಿದ್ದೇ ಆಗಿದ್ದರೆ, ಊಟ ಆಯಿತಾ ಎಂಬ ನನ್ನ ಮಾತಿಗೆ ಇನ್ನೂ ಇಲ್ಲ ಎಂದು ಯಾಕೆ ಉತ್ತರ ಹೇಳಬೇಕಿತ್ತು? ಅದು ಕೇಳಿದ್ದು ಊಟದ ಮಾತನ್ನೇ. ಮೂರನೇ ಸಲ ಅದು ಕೂಗದಿದ್ದರೆ ನಾನು ಬೈಕು ಹತ್ತಿ ಹೋಗಿಬಿಡುತ್ತಿದ್ದೆ, ಮುನಿ ಸಾಯುತ್ತಿದ್ದ. ಅದರ ಕೂಗಿನ ಹಿಂದೆಯೇ ಹೋಗಿದ್ದರೆ ಗುಂಡಿಯಲ್ಲಿ ನಾನೂ ಸಾಯುತ್ತಿದ್ದೆ. ಅದು ನಮ್ಮನ್ನು ಉಳಿಸಲು ಬಂದಿತ್ತೋ, ಇಬ್ಬರನ್ನೂ ಒಟ್ಟಿಗೆ ಕರೆಯಲು ಬಂದಿತ್ತೋ ನನಗೆ ಗೊತ್ತಿಲ್ಲ.

ಎಂಟು ದಿನ ಬಿಟ್ಟು ಹಗಲಿನಲ್ಲಿ ಒಬ್ಬನೇ ಹೋಗಿ ನೋಡಿಬಂದೆ. ಬಲಗಡೆ ದಡದಲ್ಲಿ ಮನೆಯಿಲ್ಲ, ದಾರಿಯಿಲ್ಲ, ಬರೀ ಜಾಲಿ. ಆ ಕಡೆ ಎಮ್ಮೆ ಹೊಡೆಯುವವರು ಯಾರಾದರೂ ಇದ್ದಾರಾ ಎಂದು ಏರಿಯ ಮೇಲೆ ಸಿಕ್ಕ ಒಬ್ಬರನ್ನು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಆ ಕಡೆ ಯಾರೂ ಹೋಗಲ್ಲಪ್ಪ” ಎಂದರು. ಯಾಕೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಮುನಿ ಚೆನ್ನಾಗಿದ್ದಾನೆ. ಮಂಡಿ ಸ್ವಲ್ಪ ನೋವು, ಅಷ್ಟೇ. ಮನೆಯಲ್ಲಿ ಜಗಳದ ಮಾತಾಗಲಿ ಒಬ್ಬಟ್ಟಿನ ಮಾತಾಗಲಿ ಎತ್ತಲಿಲ್ಲ. ಸೀನ ಇಲ್ಲದಿದ್ದರೆ ನಾನಿರುತ್ತಿರಲಿಲ್ಲ ಎಂದೇ ಹೆಂಡತಿಗೆ ಹೇಳಿದ್ದಾನೆ. ಆಕೆ ಫೋನಿನಲ್ಲಿ “ಅಣ್ಣಾ, ನಿಮ್ಮ ಋಣ ಹೆಂಗ್ ತೀರ್ಸೋದು” ಎಂದು ಅತ್ತಾಗ ಕಾರ್ಖಾನೆಗೆ ಹೊತ್ತಾಯಿತು ಎಂದು ಫೋನಿಟ್ಟುಬಿಟ್ಟೆ.

ಮಳೆಗಾಲದಲ್ಲಿ ಒಂದು ದಿನ ಅವನೇ ಫೋನ್ ಮಾಡಿದ. ರೇಷ್ಮೆ ಗೂಡಿನ ಮಾತು, ಮಕ್ಕಳ ಮಾತು ಎಲ್ಲ ಆಯಿತು. ಕೊನೆಗೆ, “ಸೀನ, ಒಂದೇ ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಅವತ್ತು ನಿಜವಾಗ್ಲೂ ನಾನ್ ಕೂಗಿದ್ದು ನಿಂಗೆ ಕೇಳಿಸ್ಲಿಲ್ವಾ?”

“ಇಲ್ಲ ಕಣೋ. ನನ್ನ ಮಕ್ಕಳ ಮೇಲೆ ಆಣೆ. ನಂಗೆ ಬೇರೇನೋ ಕೇಳಿಸ್ತು.”

ಅವನು “ಸರಿ ಬಿಡು” ಎಂದ.

ನಂಬಿದ್ದರೆ ಮುನಿ ನನ್ನನ್ನು ಬೈಯುತ್ತಿದ್ದ. ಕಿವುಡ ನನ್ಮಗನೇ ಎನ್ನುತ್ತಿದ್ದ. ಅವನು ಸರಿ ಬಿಡು ಎನ್ನುವುದು ಬೇರೆಯವರಿಗೆ.

ಈ ವರ್ಷದ ಯುಗಾದಿಗೆ ಅವನು ಕರೆಯಲಿಲ್ಲ, ನಾನೂ ಹೋಗಲಿಲ್ಲ. ಹಬ್ಬ ಕಳೆದ ವಾರ ಕಾರ್ಖಾನೆಗೆ ಡಾಕ್ಟರು ಬಂದಿದ್ದರು. ಯಂತ್ರಗಳ ಸದ್ದಿನಲ್ಲಿ ಕೆಲಸ ಮಾಡುವವರಿಗೆ ಪ್ರತಿ ವರ್ಷ ಕಿವಿ ನೋಡುತ್ತಾರೆ. ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಸಣ್ಣ ಸಣ್ಣ ಸದ್ದು, ಎಲ್ಲೋ ದೂರದಲ್ಲಿ ಸೊಳ್ಳೆ ಹಾರಿದಷ್ಟು. ಒಂದಾದರೂ ತಪ್ಪಿಹೋಗಲಿ ದೇವರೇ ಎಂದು ಬೇಡಿಕೊಳ್ಳುತ್ತಾ ಕೂತಿದ್ದೆ. ಬೆರಳು ತಾನಾಗಿ ಒತ್ತುತ್ತಲೇ ಹೋಯಿತು.

ಡಾಕ್ಟರಮ್ಮ ಚೀಟಿ ನೋಡಿ ನಕ್ಕರು. “ನಿಮ್ ವಯಸ್ಸಿಗೆ ಇಷ್ಟ್ ಚೆನ್ನಾಗಿರೋ ಕಿವಿ ನಾನ್ ನೋಡೇ ಇಲ್ಲ ಕಣ್ರೀ” ಎಂದರು.

ಕಿವಿ ಕೆಟ್ಟಿದೆ ಎಂದು ಬರೆದುಕೊಟ್ಟಿದ್ದರೆ ಆ ಚೀಟಿ ಹಿಡಿದುಕೊಂಡು ಅವತ್ತೇ ಮೇಲೂರಿಗೆ ಓಡುತ್ತಿದ್ದೆ.